ಹಾಲು ಕಡಿಮೆಯಾದರೆ ತಳಿಯನ್ನಷ್ಟೇ ಬೈಯಬೇಡಿ

ಮಾನ್ಯ ಸಂಪಾದಕರೇ,

ಕೃಷಿ ಪುಟಗಳಲ್ಲಿ ದೇಸಿ ಎಮ್ಮೆ ಬಗ್ಗೆ ಏನೇ ಬಂದರೂ ಕೊನೆಗೆ ಒಂದೇ ಮಾತು: ನಮ್ಮ ತಳಿ ಹಾಲು ಕೊಡಲ್ಲ, ಮುರ್ರಾ ತನ್ನಿ. ತಳಿ ಮುಖ್ಯ, ಇಲ್ಲ ಅನ್ನುವುದಿಲ್ಲ. ಹರಿಯಾಣದ ಮುರ್ರಾದಷ್ಟು ಹಾಲನ್ನು ಧಾರವಾಡಿ ಎಮ್ಮೆಯಿಂದ ಕೇಳುವುದು ತಪ್ಪೇ. ಆದರೆ ಒಂದೇ ತಳಿಯ ಎರಡು ಎಮ್ಮೆ ಅಕ್ಕಪಕ್ಕದ ಕೊಟ್ಟಿಗೆಯಲ್ಲಿದ್ದು, ಒಂದು ಇನ್ನೊಂದರ ಅರ್ಧ ಹಾಲೂ ಕೊಡದಿದ್ದರೆ ಆಗ ಯಾರನ್ನು ಬೈಯೋಣ?

ನಾವು ಅಳೆಯುವ ರೀತಿಯೇ ಸರಿಯಿಲ್ಲ. ಎಮ್ಮೆ ಕೊಳ್ಳುವಾಗ "ಹೊತ್ತಿಗೆ ಎಷ್ಟು ಲೀಟರ್?" ಅಂತ ಕೇಳುತ್ತೇವೆ. ಈದು ಐದರಿಂದ ಎಂಟು ವಾರದೊಳಗೆ ಹಾಲು ಏರಿ ತುದಿ ಮುಟ್ಟುತ್ತದೆ, ಮಾರುವವರು ಹೇಳುವುದು ಆ ದಿನಗಳ ಲೆಕ್ಕ. ಕೇಳಬೇಕಾದದ್ದು ಒಂದು ಕರುವಿಗೂ ಮುಂದಿನ ಕರುವಿಗೂ ಎಷ್ಟು ತಿಂಗಳ ಅಂತರ ಅನ್ನುವುದು. ಒಂದು ಎಮ್ಮೆ ಸೂಲಿಗೆ (ಒಮ್ಮೆ ಈದ ಮೇಲೆ ಹಾಲು ಬತ್ತುವವರೆಗೆ) 1,500 ಲೀಟರ್ ಕೊಟ್ಟು 14 ತಿಂಗಳಿಗೆ ಮತ್ತೆ ಈಯುತ್ತದೆ, ಇನ್ನೊಂದು 1,800 ಲೀಟರ್ ಕೊಟ್ಟು 20 ತಿಂಗಳಿಗೆ ಈಯುತ್ತದೆ ಅಂದುಕೊಳ್ಳಿ. ದಿನದ ಸರಾಸರಿಯಲ್ಲಿ ಮೊದಲನೆಯದು ಮೂರೂವರೆ ಲೀಟರ್ ದಾಟುತ್ತದೆ, ಎರಡನೆಯದು ಮೂರರಲ್ಲೇ ನಿಲ್ಲುತ್ತದೆ. ಸಂತೆಯಲ್ಲಿ ಜಾಸ್ತಿ ಬೆಲೆ ಮಾತ್ರ ಎರಡನೆಯದಕ್ಕೇ!

ಎಮ್ಮೆಯ ಗಬ್ಬದ ಅವಧಿಯೇ ಸುಮಾರು 310 ದಿನ. ಅಂದರೆ 14 ತಿಂಗಳಿಗೆ ಇನ್ನೊಂದು ಕರು ಬೇಕಾದರೆ, ಈದ ನಾಲ್ಕು ತಿಂಗಳೊಳಗೆ ಅದು ಮತ್ತೆ ಗಬ್ಬ ಕಟ್ಟಬೇಕು. ಜಾರುವುದು ಇಲ್ಲೇ. ಎಮ್ಮೆ ಹಸುವಿನ ಹಾಗೆ ಕೂಗಿ ರಂಪ ಮಾಡಿ ಬೆದೆ (ಗಬ್ಬ ಕಟ್ಟಲು ಸಿದ್ಧವಾದ ಹೊತ್ತು) ತೋರಿಸುವುದು ಕಡಿಮೆ, ಬೇಸಿಗೆಯಲ್ಲಂತೂ ಲಕ್ಷಣ ಕಾಣದ ಮೂಕ ಬೆದೆಯೇ ಜಾಸ್ತಿ, ಅದೂ ಎಷ್ಟೋ ಸಲ ರಾತ್ರಿಯೋ ನಸುಕಿನಲ್ಲೋ ಬಂದು ಹೋಗಿರುತ್ತದೆ. ಒಂದು ಬೆದೆ ತಪ್ಪಿದರೆ ಮೂರು ವಾರ ಹೋಯಿತು. ಹೀಗೆ ನಾಲ್ಕು ತಪ್ಪಿದರೆ ನಾವು ಎಮ್ಮೆಯನ್ನು ಗೊಡ್ಡು ಅನ್ನುತ್ತೇವೆ.

ಬಿಸಿಲಿನದೂ ಇದೇ ಕಥೆ. ಎಮ್ಮೆಯ ಚರ್ಮ ಕಪ್ಪು, ಬೆವರು ಗ್ರಂಥಿಗಳು ಹಸುವಿಗಿಂತ ಕಡಿಮೆ. ಕೆರೆ ಹೊಂಡಕ್ಕೆ ಬಿಟ್ಟರೆ ತಾನೇ ತಣ್ಣಗಾಗುತ್ತದೆ, ತಗಡಿನ ಶೀಟಿನ ಕೆಳಗೆ ದಿನವಿಡೀ ಕಟ್ಟಿಹಾಕಿದರೆ ಮೇವನ್ನೇ ಬಿಡುತ್ತದೆ, ಮೇವು ಬಿಟ್ಟರೆ ಹಾಲೂ ಇಳಿಯುತ್ತದೆ, ಬೆದೆಯೂ ನಿಲ್ಲುತ್ತದೆ. ನೆರಳು, ಮಧ್ಯಾಹ್ನ ಮೈಮೇಲೆ ನೀರು, ಬೇಕಾದಷ್ಟು ಕುಡಿಯುವ ನೀರು, ಇಷ್ಟಕ್ಕೆ ಹೊಸ ತಳಿ ಯಾಕೆ ಬೇಕು?

ಮೇವಿನ ವಿಷಯದಲ್ಲಿ ನಮ್ಮ ಜಿಪುಣತನ ವಿಚಿತ್ರ. ಹಿಂಡಿ, ಬೂಸಾ ಎಲ್ಲ ಕರೆಯುವ ಎಮ್ಮೆಗೆ. ಇನ್ನೂ ಈಯದ ಮಣಕಕ್ಕೆ, ಹಾಲು ಬತ್ತಿದ ಗಬ್ಬದ ಎಮ್ಮೆಗೆ ಬರೀ ಒಣಹುಲ್ಲು. ಹೊಟ್ಟೆಯೊಳಗಿನ ಕರು ಭರದಿಂದ ಬೆಳೆಯುವುದು ಕೊನೆಯ ಎರಡು ಮೂರು ತಿಂಗಳಲ್ಲಿ, ಮುಂದಿನ ಸೂಲಿಗೆ ಕೆಚ್ಚಲು ತಯಾರಾಗುವುದೂ ಆಗಲೇ. ಮಣಕವನ್ನು ಸೊರಗಿಸಿದರೆ ಮೊದಲ ಕರು ಹಾಕುವಷ್ಟರಲ್ಲಿ ನಾಲ್ಕು ವರ್ಷ ದಾಟುತ್ತದೆ. ಖನಿಜ ಮಿಶ್ರಣವನ್ನಂತೂ ಡಾಕ್ಟರ್ ಬರೆದುಕೊಟ್ಟರೆ ಮಾತ್ರ ತರುವ ಔಷಧಿ ಅಂತ ತಿಳಿದವರೇ ಹೆಚ್ಚು.

ಇನ್ನು ಕರೆಯುವ ಹೊತ್ತು. ಎಮ್ಮೆಯ ಹಾಲಿನ ಬಹುಪಾಲು ಕೆಚ್ಚಲಿನ ಮೇಲ್ಭಾಗದ ಸಣ್ಣ ಗೂಡುಗಳಲ್ಲಿ ಇರುತ್ತದೆ, ಮೊಲೆಯ ಹತ್ತಿರ ಕೂಡಿರುವುದು ತೀರಾ ಸ್ವಲ್ಪ. ಎಮ್ಮೆ ಸೊರೆ ಬಿಟ್ಟರೇನೇ, ಅಂದರೆ ಆ ಹಾಲನ್ನು ಮೊಲೆಗೆ ಇಳಿಸಿದರೇನೇ ಹಾಲು. ಕರು ಸತ್ತರೆ, ಕರೆಯುವ ಕೈ ಬದಲಾದರೆ, ಗದ್ದಲ ಮಾಡಿದರೆ ಸೊರೆ ಬಿಡುವುದಿಲ್ಲ. ಆಗ ಕೆಲವರು ಆಕ್ಸಿಟೋಸಿನ್ ಚುಚ್ಚುತ್ತಾರೆ. ಅದು ಹಾಲನ್ನು ಹುಟ್ಟಿಸುವ ಔಷಧಿ ಅಲ್ಲ, ಇದ್ದದ್ದನ್ನು ಇಳಿಸುತ್ತದೆ ಅಷ್ಟೇ. ಕೋಣಗರು ಅಂತ ಸುಮ್ನೆ ಉಪವಾಸ ಕೆಡವಿ ಸಾಯಿಸಿ, ಆಮೇಲೆ ಸೂಜಿ ಹುಡುಕುವುದು ಯಾವ ಲೆಕ್ಕ? ಕರುವಿಗೆ ನಾಲ್ಕು ಗುಟುಕು ಬಿಡುವುದೇ ಲಾಭ ಅಲ್ವಾ?

ತಳಿ ಸುಧಾರಣೆ ಬೇಡ ಅಂತಲ್ಲ. ಸುರ್ತಿ, ಪಂಢರಪುರಿ, ಧಾರವಾಡಿ ಎಮ್ಮೆಗಳಲ್ಲೂ ಚೆನ್ನಾಗಿ ಹಾಲು ಕೊಡುವ ತಾಯಂದಿರಿವೆ. ಅವುಗಳ ಗಂಡು ಕರುಗಳನ್ನೇ ಬೀಜದ ಕೋಣ ಮಾಡಿ, ಹಾಲಿನ ದಾಖಲೆ ಬರೆದಿಟ್ಟು, ಅದೇ ತಳಿಯ ವೀರ್ಯ ಹಳ್ಳಿಗೆ ಸಿಗುವಂತೆ ಮಾಡಲಿ. ಈಗ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿ ಹಾಕಿಸುವವರಲ್ಲಿ ಎಷ್ಟು ಜನ ಆ ಕೋಣದ ತಾಯಿಯ ಹಾಲೆಷ್ಟು ಅಂತ ಕೇಳುತ್ತಾರೆ?

ನಿಮ್ಮಲ್ಲಿ ಒಂದು ಕೋರಿಕೆ. ಬೇಸಿಗೆ ಶುರುವಾಗುವ ಮೊದಲೇ ಮೂಕ ಬೆದೆ ಗುರುತಿಸುವುದು ಹೇಗೆ, ಕಡ್ಡಿ ಹಾಕಿಸುವ ಸರಿಯಾದ ಹೊತ್ತು ಯಾವುದು ಅಂತ ಪಶುವೈದ್ಯರಿಂದ ಬರೆಸಿ, ಚಿತ್ರ ಸಮೇತ ಹಾಕಿ. ಅದನ್ನು ಕತ್ತರಿಸಿ ಕೊಟ್ಟಿಗೆ ಗೋಡೆಗೆ ಅಂಟಿಸಿಕೊಳ್ಳುವವರು ಇದ್ದೇವೆ.

— ಒಬ್ಬ ಎಮ್ಮೆ ಸಾಕಣೆದಾರ