ಮೂಗಿಗೆ ಸಿಗದ ಮಸ್ಕ್

ಪ್ರೀತಿಯ ಪುಟ್ಟಿ,

ಕಾಗದ ತಲುಪಿತು. ಮನೆ ಸುದ್ದಿಯೆಲ್ಲ ನಿನ್ನಮ್ಮ ಹೇಳುತ್ತಲೇ ಇರುತ್ತಾಳೆ, ಅದು ಬಿಡು. ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, ಅದು ನನ್ನ ನಿದ್ದೆ ಕೆಡಿಸಿತು. ಪರ್ಫ್ಯೂಮ್ ಕ್ಲಾಸಿನಲ್ಲಿ ಎಲ್ಲರಿಗೂ ಗ್ಯಾಲಾಕ್ಸೊಲೈಡ್ ಅನ್ನುವ ಮಸ್ಕ್‌ನ, ಅಂದರೆ ಕಸ್ತೂರಿಯಂಥ ಪರಿಮಳ ವಸ್ತುವಿನ, ವಾಸನೆ ಬಂತು, ನಿನಗೆ ಮಾತ್ರ ಅದನ್ನು ಅದ್ದಿದ ಪೇಪರ್ ಪಟ್ಟಿಯ ವಾಸನೆಯಷ್ಟೇ. "ಮೂಗೇ ಸರಿಯಿಲ್ಲದವಳು ಪರ್ಫ್ಯೂಮ್ ಹೇಗೆ ಮಾಡಲಿ ದೊಡ್ಡಪ್ಪಾ?"

ಮೂಗು ಸರಿಯಿಲ್ಲ ಅಂತ ಯಾರು ಹೇಳಿದ್ದು? ಮಸ್ಕ್‌ಗಳ ಅಣುಗಳು ದೊಡ್ಡವು. ಕೆಲವರ ಮೂಗಿಗೆ ಕೆಲವು ಮಸ್ಕ್ ಸಿಗುವುದೇ ಇಲ್ಲ, ಹುಟ್ಟಿನಿಂದಲೇ. ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳೇ ಸುಮಾರು 400 ಬಗೆ. ಎಲ್ಲರಿಗೂ ಎಲ್ಲವೂ ಒಂದೇ ಥರ ಇರುತ್ತವಾ? ಇನ್ನು ಅಯೊನೋನ್ ಅನ್ನುವ ಪರಿಮಳ ವಸ್ತು ನೋಡು. ಈಗ ವಯೊಲೆಟ್ ಹೂವಿನ ವಾಸನೆ, ಮರುಕ್ಷಣ ಏನೂ ಇಲ್ಲ, ಆಮೇಲೆ ಮತ್ತೆ ಬರುತ್ತದೆ. ಅದು ಪಳಗಿದ ಮೂಗುಗಳನ್ನೂ ಆಟವಾಡಿಸುತ್ತದೆ.

ನಮ್ಮ ಕಾಲದಲ್ಲಿ ಲ್ಯಾಬಿನಲ್ಲಿ ಇದನ್ನು ಯಾರೂ ಬಾಯಿಬಿಡುತ್ತಿರಲಿಲ್ಲ. ದೊಡ್ಡವರು "ಆಹಾ" ಅಂದರೆ ಎಲ್ಲರೂ ತಲೆಯಾಡಿಸುವುದು. ಅವರಲ್ಲಿ ಎಷ್ಟು ಜನರಿಗೆ ನಿಜಕ್ಕೂ ವಾಸನೆ ಬರುತ್ತಿತ್ತೋ, ದೇವರೇ ಬಲ್ಲ! ನಾನು ಹೆಚ್ಚಿನ ಕಾಲ ಬೇರೆಯವರ ಫಾರ್ಮುಲಾ ತೂಗಿದವನು. ಸೋಪಿಗೆ, ಬಟ್ಟೆ ಪುಡಿಗೆ. ಇಂಡೋಲ್ ಅನ್ನುವ ಘಾಟು ವಾಸನೆಯ ವಸ್ತು ಒಂದು ಹನಿ ಜಾಸ್ತಿ ಬಿದ್ದರೆ ಇಡೀ ಬಾಟಲಿ ಚೆಲ್ಲಬೇಕು, ಹಾಗಾಗಿ ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದೇ ಇರುತ್ತಿದ್ದೆ. ನನ್ನದೇ ಅಂತ ಒಂದು ಅಕಾರ್ಡ್ ಇತ್ತು, ವಯೊಲೆಟ್ ಹೂವು ಮತ್ತು ಚರ್ಮದ ವಾಸನೆ ಬೆರೆತ ಮಿಶ್ರಣ. ಅದು ನೋಟ್‌ಬುಕ್ಕಿನಲ್ಲೇ ಉಳಿಯಿತು. ಈಗಲೂ ನೆನಪಾದರೆ ಹೊಟ್ಟೆ ಉರಿಯುತ್ತದೆ. ಅದಕ್ಕೆ ಅಡ್ಡಬಂದದ್ದು ಮೂಗಂತೂ ಅಲ್ಲ.

ಜ್ಯಾಂ ಕಾರ್ಲ್ಸ್ ಹೆಸರು ಕೇಳಿರುತ್ತೀಯ. 1946ರಲ್ಲಿ ಫ್ರಾನ್ಸಿನ ಗ್ರಾಸ್ ಊರಿನಲ್ಲಿ ಪರ್ಫ್ಯೂಮ್ ಶಾಲೆ ಶುರುಮಾಡಿದವರು. ಮೂಗು ಕೈಕೊಟ್ಟ ಮೇಲೂ ಅವರು ಫಾರ್ಮುಲಾ ಬರೆಯುತ್ತಲೇ ಇದ್ದರು. ಯಾವ ವಸ್ತು ಯಾವುದರ ಜೊತೆ ಹೇಗೆ ನಿಲ್ಲುತ್ತದೆ ಅನ್ನುವುದೆಲ್ಲ ತಲೆಯಲ್ಲಿತ್ತಲ್ಲ. ಫ್ರಾನ್ಸಿನ ಪರ್ಫ್ಯೂಮರ್ ರುಡ್ನಿಟ್ಸ್ಕಾ 1956ರಲ್ಲಿ ಡಿಯೊರಿಸಿಮೊ ಅನ್ನುವ ಪರ್ಫ್ಯೂಮ್ ಮಾಡಿದ್ದೂ ಹಾಗೇ, ತಲೆ ಓಡಿಸಿ. ಲಿಲಿ ಆಫ್ ದ ವ್ಯಾಲಿ ಹೂವಿನಿಂದ ಬಳಸುವಂಥ ಎಣ್ಣೆ ಬರುವುದಿಲ್ಲ. ಬೇರೆ ಬೇರೆ ವಸ್ತು ಸೇರಿಸಿ ಆ ಹೂವನ್ನೇ ನಿಲ್ಲಿಸಿಬಿಟ್ಟರು. ನೀನು ಒಂದು ಮಸ್ಕ್‌ಗೆ ಹೆದರುತ್ತಿದ್ದೀಯ!

ಇದೆಲ್ಲ ಓದಿದ ಮೇಲೂ ಹೆದರಿಕೆ ಹೋಗಲಿಕ್ಕಿಲ್ಲ, ಗೊತ್ತು. ರಾತ್ರಿ ಮತ್ತೆ ಅದೇ ಯೋಚನೆ ಬರುತ್ತದೆ. ಮುದುಕನ ಮಾತು ಅಂತ ಒಂದೆರಡು ವಿಷಯ ಕೇಳು, ಸರಿ ಕಾಣದಿದ್ದರೆ ಬಿಡು. ವಾಸನೆ ಸಿಗಲಿಲ್ಲ ಅಂದರೆ ಸಿಗಲಿಲ್ಲ ಅಂತಲೇ ಬರೆದುಕೋ, ಸುಮ್ನೆ ತಲೆಯಾಡಿಸಬೇಡ. ಫಾರ್ಮುಲಾದಲ್ಲಿ ಒಂದೇ ಮಸ್ಕ್ ನೆಚ್ಚಿಕೊಳ್ಳದೆ ಎರಡು ಮೂರು ಸೇರಿಸು. ಕೊಳ್ಳುವವರಲ್ಲೂ ನಿನ್ನಂಥ ಮೂಗಿನವರು ಇರುತ್ತಾರಲ್ವಾ? ನಿನಗೆ ಸಿಗದ ವಸ್ತು ಹಾಕಿದಾಗ ಪಕ್ಕದವರ ಕೈಗೆ ಪಟ್ಟಿ ಕೊಟ್ಟು ಕೇಳು. ಪಟ್ಟಿಯ ತುದಿ ಸ್ವಲ್ಪ ಮಡಚಿಡು, ಮೇಜಿಗೆ ತಾಗಬಾರದು. ಇದು ನಿನಗೆ ಗೊತ್ತಿರುತ್ತದೆ, ಆದರೂ ಹೇಳಿದೆ.

ಎಥಿಲೀನ್ ಬ್ರಾಸಿಲೇಟ್, ಆಂಬ್ರೆಟೊಲೈಡ್ ಅನ್ನುವ ಎರಡು ಮಸ್ಕ್‌ಗಳನ್ನೂ ಬೇರೆ ಬೇರೆ ಪಟ್ಟಿಯಲ್ಲಿ ಮೂಸಿ ನೋಡಿ, ಯಾವುದು ಸಿಕ್ಕಿತು ಅಂತ ಬರೆ. ಅಂದಹಾಗೆ, ಅವತ್ತು ನಿನಗೆ ನೆಗಡಿ ಏನಾದರೂ ಇತ್ತಾ? ಮೊದಲೇ ಕೇಳಬೇಕಿತ್ತು.

ನಿನ್ನ,
ದೊಡ್ಡಪ್ಪ