ನೆನಪಿನ ಕೋವಿ ಪೆಟ್ಟಿಗೆಯಲ್ಲೇ ಇರಬೇಕೇ?

ಸಂಪಾದಕರಿಗೆ ನಮಸ್ಕಾರ,

ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ಬಗ್ಗೆ ಓದುಗರೊಬ್ಬರು ನಿಮಗೆ ಬರೆದಿದ್ದ ಪತ್ರ ಓದಿದೆ. ಪೂಜೆ ಮಾಡಿದ ಕೋವಿಯನ್ನು ಮತ್ತೆ ತೆಂಗಿನಕಾಯಿಗೆ ಗುರಿಯಿಟ್ಟು ಯಾಕೆ ಹೊಡೆಯಬೇಕು, ಹಳೆಯ ಕೋವಿಗಳನ್ನು ಗಾಜಿನ ಕಪಾಟಿನಲ್ಲಿಟ್ಟು ಮುಂದಿನವರಿಗೆ ಉಳಿಸಬಾರದೇ ಎಂದು ಅವರು ಕೇಳಿದ್ದಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಅದೇ ಪ್ರಶ್ನೆ ಎಂಟು ತಿಂಗಳಿಂದ ನನ್ನ ಮನೆಯ ಬೀರುವಿನೊಳಗೇ ಇದೆ. ಅದಕ್ಕೇ ಈ ಪತ್ರ.

ನಾನು ಕೊಡಗಿನವಳು. ಇಪ್ಪತ್ತು ವರ್ಷದಿಂದ ಅಮೆರಿಕದ ಕೊಲೊರಾಡೊದಲ್ಲಿದ್ದೇನೆ. ಪಕ್ಕದ ಮನೆಯಲ್ಲಿ ರೈಲ್ವೆಯಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದ ಒಬ್ಬ ಹಿರಿಯರಿದ್ದರು. ನಮ್ಮ ಮಕ್ಕಳಿಗೆ ಅಜ್ಜನ ಹಾಗೆ. ಒಮ್ಮೆ ಊರಿನ ಕೈಲ್‌ಪೊಳ್ದ್ (ಕೈಲ್ ಮುಹೂರ್ತಕ್ಕೆ ನಾವು ಹೇಳುವ ಹೆಸರು) ಫೋಟೊ ತೋರಿಸಿದ್ದೆ. ದೇವರ ಕೋಣೆಯಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿ, ನಳಿಗೆಯ ಬಾಯಲ್ಲಿ ತೋಕ್ ಪೂ, ಅಂದರೆ ಕೋವಿ ಹೂ. ಅವರು ಅದನ್ನು ಬಹಳ ಹೊತ್ತು ನೋಡಿದರು, ಏನೂ ಹೇಳಲಿಲ್ಲ. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ನನ್ನನ್ನು ಕರೆದು, ನೆಲಮಾಳಿಗೆಯಿಂದ ಒಂದು ಉದ್ದನೆಯ ಪೆಟ್ಟಿಗೆ ತರಿಸಿ, ಇದು ನಿನಗಿರಲಿ ಅಂದರು. ಇಲ್ಲಿನ ಕಾನೂನಿನ ಪ್ರಕಾರ ಅಂಗಡಿಯಲ್ಲಿ ಹಿನ್ನೆಲೆ ತಪಾಸಣೆ ಮುಗಿಸಿಯೇ ಮನೆಗೆ ತಂದೆ.

ಒಳಗಿದ್ದದ್ದು ಒಂದು ಅಮೆರಿಕನ್ ರೈಫಲ್, ವಿಂಚೆಸ್ಟರ್ ಸೆಂಟೆನಿಯಲ್ '66. ಅದನ್ನು ಮಾಡಿದ ವಿಂಚೆಸ್ಟರ್ ಕಂಪನಿಗೆ ಆ ಹೆಸರು ಬಂದದ್ದು 1866ರಲ್ಲಿ. ಅದರ ಮಾಲೀಕ ಆಲಿವರ್ ವಿಂಚೆಸ್ಟರ್ ಮೂಲದಲ್ಲಿ ಅಂಗಿ ತಯಾರಿಸುತ್ತಿದ್ದ ವ್ಯಾಪಾರಿ, ಕೋವಿ ಮಾಡುವವನೇ ಅಲ್ಲ. ಆ ವರ್ಷ ಬಂದ ಅವರ ರೈಫಲ್‌ಗೆ ಹಳದಿ ಲೋಹದ ಮೈ ಇದ್ದದ್ದರಿಂದ ಜನ ಅದನ್ನು 'ಯೆಲ್ಲೋ ಬಾಯ್' ಅಂತ ಕರೆದರು. ನೂರು ವರ್ಷ ತುಂಬಿದಾಗ, 1966ರಲ್ಲಿ, ಅದರ ನೆನಪಿಗೆ ಕಂಪನಿ ಈ ಕೋವಿ ತಂದಿತು. ಒಳಗಿನ ಯಂತ್ರ ಮಾತ್ರ ಕೋವಿ ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದ 1894ರ ಮಾದರಿಯದ್ದೇ, ಇಲ್ಲಿನ ಜಿಂಕೆ ಬೇಟೆಗಾರರ ಕೈಯಲ್ಲಿ ಓಡಾಡಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ತಯಾರಾದ ರೈಫಲ್. ಅದಕ್ಕೇ ಎಂಟು ಮೂಲೆಯ ನಳಿಗೆ ಹಾಕಿ, ಮೈಗೆ ಚಿನ್ನದ ಲೇಪ ಕೊಟ್ಟು, ಪಕ್ಕದಲ್ಲಿ ಕುದುರೆಯ ಜೀನಿಗೆ ಕಟ್ಟುವ ಬಳೆ ಇಟ್ಟಿದ್ದಾರೆ. ನೋಡಲು ನಿಜಕ್ಕೂ ಚೆಂದ. ಆಗಿನ ಬೆಲೆ 125 ಡಾಲರ್. ರೈಲ್ವೆ ಮೆಕ್ಯಾನಿಕ್‌ಗೆ ಅದು ಸಣ್ಣ ದುಡ್ಡಲ್ಲ.

ಅವರು ಅದನ್ನು ಒಂದು ಸಲವೂ ಹಾರಿಸಲಿಲ್ಲ. ಮೊಮ್ಮಕ್ಕಳು ಕಾಲೇಜಿಗೆ ಹೋಗುವಾಗ ಇದು ಒದಗುತ್ತದೆ ಅನ್ನುತ್ತಿದ್ದರಂತೆ. ಹಾರಿಸಿದರೆ ಬೆಲೆ ಬೀಳುತ್ತದೆ, ತೋಟಾ ಏರಿಸುವ ಲಿವರ್ ಎಳೆದರೂ ಒಳಗೆ ಗೆರೆ ಮೂಡುತ್ತದೆ, ಬರಿಗೈಯಲ್ಲಿ ಮುಟ್ಟಿದರೆ ಚಿನ್ನ ಮಾಸುತ್ತದೆ. ಇದೆಲ್ಲ ಸುಳ್ಳಲ್ಲ. ಸಂಗ್ರಾಹಕರು ಪೆಟ್ಟಿಗೆ ಇದೆಯಾ, ಕಾಗದ ಇದೆಯಾ, ಪೆಟ್ಟಿಗೆಯ ಮೇಲಿನ ನಂಬರೂ ಕೋವಿಯ ನಂಬರೂ ಒಂದೇನಾ, ಹಾರಿಸದೇ ಇಟ್ಟದ್ದಾ ಅಂತಲೇ ಕೇಳುವುದು. ಹಾಗಾಗಿ ಆ ಮನೆಯಲ್ಲಿ ಸುಮಾರು 60 ವರ್ಷ ಅದು ಇದ್ದೂ ಇಲ್ಲದ ಹಾಗಿತ್ತು. ಗಂಡ ಹೋದ ಮೇಲೆ ಅವರ ಹೆಂಡತಿ ನನ್ನೆದುರು ಅದನ್ನು ತೆರೆದಾಗ, ಇದಕ್ಕೆ ಇಂಥ ಬಳೆ ಇದೆ ಅಂತ ನನಗೇ ಗೊತ್ತಿರಲಿಲ್ಲ ಅಂದರು. ಆ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ನಾನು ಮೊದಲು ಮಾಡಿದ್ದು ಬೆಲೆ ವಿಚಾರಿಸುವ ಕೆಲಸ. ನನಗಾಗಿ ಅಲ್ಲ, ಒಳ್ಳೆ ಬೆಲೆ ಬಂದರೆ ಮಾರಿ ಆಕೆಗೇ ಕೊಡೋಣ ಅಂತ. ಅಂಗಡಿಯವರೊಬ್ಬರು ಪೆಟ್ಟಿಗೆ ಪೂರ್ತಿ ತೆರೆಯುವ ಮೊದಲೇ, ಅಮ್ಮಾ ಇವು ಬೇಕಾದಷ್ಟಿವೆ ಅಂದರು. ಅದು ನಿಜವೇ. ಸೆಂಟೆನಿಯಲ್ '66 ಒಂದು ಲಕ್ಷಕ್ಕೂ ಜಾಸ್ತಿ ತಯಾರಾಗಿದೆ. ಅದಕ್ಕೆ ಎರಡು ವರ್ಷ ಮೊದಲು, 1964ರಲ್ಲಿ, ವಯೋಮಿಂಗ್ ರಾಜ್ಯದ ವಜ್ರ ಮಹೋತ್ಸವಕ್ಕೆ ಮಾಡಿದ್ದು ಸುಮಾರು 1,500 ಮಾತ್ರ. ಅದು ಚೆನ್ನಾಗಿ ಹೋಯಿತು ಅಂತ ಕಂಪನಿ ಒಂದರ ಹಿಂದೆ ಒಂದು ನೆನಪಿನ ಕೋವಿ ತರುತ್ತಲೇ ಹೋಯಿತು: 1967ರಲ್ಲಿ ಕೆನಡಾದ ನೂರು ವರ್ಷಕ್ಕೆ, 1968ರಲ್ಲಿ ಬಫೆಲೊ ಬಿಲ್ ಹೆಸರಲ್ಲಿ, 1969ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಹೆಸರಲ್ಲಿ, 1981ರಲ್ಲಿ ನಟ ಜಾನ್ ವೇಯ್ನ್ ಹೆಸರಲ್ಲಿ. ಕೊಂಡವರಲ್ಲಿ ಬಹಳಷ್ಟು ಮಂದಿ ನನ್ನ ಪಕ್ಕದ ಮನೆಯವರ ಹಾಗೇ ಯೋಚಿಸಿ, ಮುಟ್ಟದೆ ಇಟ್ಟುಕೊಂಡರು. ಎಲ್ಲರೂ ಮುಟ್ಟದೆ ಇಟ್ಟರೆ ಮುಟ್ಟದೆ ಇದ್ದದ್ದಕ್ಕೆ ಬೆಲೆ ಎಲ್ಲಿಂದ ಬರಬೇಕು? 1966ರ 125 ಡಾಲರ್ ಅಂದರೆ ಇವತ್ತಿನ ಲೆಕ್ಕಕ್ಕೆ ಸಾವಿರ ಡಾಲರ್ ದಾಟುತ್ತದೆ. ಅಂಗಡಿಯವರು ಹೇಳಿದ್ದು ಅದಕ್ಕಿಂತ ಕಡಿಮೆ. ಅವರ ಮೇಲೆ ನನಗೆ ಕೋಪ ಇಲ್ಲ. ಆದರೆ ವಾಪಸ್ ಬರುವಾಗ ಕಾರಿನಲ್ಲಿ ಅಳು ಬಂತು. ಆ ಮನುಷ್ಯ ಜೀವನವಿಡೀ ಕಾದದ್ದು ಇದಕ್ಕಾ ಅಂತ.

ವಿಂಚೆಸ್ಟರ್ 1964ರಲ್ಲಿ ಖರ್ಚು ಉಳಿಸಲು ತಯಾರಿಕೆಯ ರೀತಿ ಬದಲಿಸಿತು. ಇವತ್ತಿಗೂ ಇಲ್ಲಿನ ಹಳಬರು '64ಕ್ಕಿಂತ ಮೊದಲಿನದಾ, ಆಮೇಲಿನದಾ ಅಂತಲೇ ಮೊದಲು ಕೇಳುತ್ತಾರೆ. ಯಾರದೋ ಜೀಪಿನಲ್ಲಿ ಬಿದ್ದು, ಮಳೆಯಲ್ಲಿ ನೆನೆದು, ಹಿಡಿಯ ಮರ ಸವೆದ 1950ರ ಕಾಲದ ಸಾದಾ ಕೋವಿಯನ್ನು ಅವರು ಪ್ರೀತಿಯಿಂದ ಎತ್ತಿ ನೋಡುತ್ತಾರೆ. ಚಿನ್ನದ ಲೇಪದ್ದನ್ನು ದೂರದಿಂದ ನೋಡಿ ಮುಂದೆ ಹೋಗುತ್ತಾರೆ. ನೆನಪಿಗೆಂದೇ ಮಾಡಿದ್ದಕ್ಕಿಂತ ನೆನಪಾಗಿ ಉಳಿದದ್ದೇ ಅವರಿಗೆ ಹತ್ತಿರ ಅನ್ನಿಸುತ್ತದೆ, ನನಗೂ ಹಾಗೇ.

ಮುಟ್ಟದೆ ಇಟ್ಟರೆ ಉಳಿಯುತ್ತದೆ ಅನ್ನುವ ನಂಬಿಕೆ ಇದೆಯಲ್ಲ, ನನಗೆ ಮುಖ್ಯವಾಗಿ ಅದರ ಬಗ್ಗೆ ಹೇಳಬೇಕಿದೆ. ಬೆಳಕಿನಲ್ಲಿ ಹಿಡಿದು ನೋಡಿದಾಗ, ಪೆಟ್ಟಿಗೆಯ ರಟ್ಟು ತಾಗಿದ್ದ ಕಡೆಯೆಲ್ಲ ನಳಿಗೆಯ ಮೇಲೆ ತುಕ್ಕಿನ ಸಣ್ಣ ಸಣ್ಣ ಚುಕ್ಕೆ. ಚಿನ್ನದ ಮೇಲೂ ಒಂದು ಕಡೆ ಮಂಕು. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಲೇಪ ಬಹಳ ತೆಳು, ಅದರ ಕಣ್ಣಿಗೆ ಕಾಣದ ರಂಧ್ರಗಳಲ್ಲಿ ತೇವ ಇಳಿದು ಕೆಳಗಿನ ಲೋಹ ಕೆಡುತ್ತದೆ. ರಟ್ಟು, ಸ್ಪಂಜು, ಚರ್ಮದ ಚೀಲ, ಇವೆಲ್ಲ ತೇವವನ್ನು ಹೀರಿ ಹಿಡಿದಿಡುತ್ತವೆ. ವರ್ಷಕ್ಕೆ ಎರಡು ಸಲ ಹೊರಗೆ ತೆಗೆದು ಎಣ್ಣೆ ಬಟ್ಟೆಯಲ್ಲಿ ಒರೆಸಿದ್ದರೆ ಇದು ಆಗುತ್ತಿರಲಿಲ್ಲ. ಕೆಡುತ್ತದೆ ಎಂಬ ಹೆದರಿಕೆಗೇ ಯಾರೂ ತೆರೆಯಲಿಲ್ಲ, ಹಾಗಾಗಿಯೇ ಕೆಟ್ಟಿತು.

ನಮ್ಮ ಐನ್‌ಮನೆಯ (ಕುಲದ ಮೂಲಮನೆಯ) ತಾತನ ಕೋವಿ ಇದಕ್ಕಿಂತ ಎಷ್ಟೋ ಹಳೆಯದು. ಸುಗ್ಗಿ ಹಬ್ಬ ಪುತ್ತರಿಗೆ ಗದ್ದೆಯಲ್ಲಿ ಕದಿರು ಕೊಯ್ಯುವಾಗ ಅದು ಹಾರುತ್ತದೆ. ನನ್ನ ತಮ್ಮ ಹುಟ್ಟಿದಾಗ ಒಂದು ಗುಂಡು ಹಾರಿತು. ತಾತ ಹೋದ ದಿನ ಅಂಗಳದಲ್ಲಿ ಅದೇ ಕೋವಿಯಿಂದ ಎರಡು ಗುಂಡು. ಆ ಸದ್ದಿಗೇ ಊರಿಗೆ ವಿಷಯ ಗೊತ್ತಾದದ್ದು. ಹಾರಿಸಿದ ಮೇಲೆ ತೊಳೆಯಲೇಬೇಕು, ಒರೆಸಲೇಬೇಕು, ಅದು ಮನೆಯ ಹುಡುಗರ ಕೆಲಸ, ನಾನೂ ಮಾಡಿದ್ದೇನೆ. ಹೀಗೆ ವರ್ಷಕ್ಕೆ ನಾಲ್ಕಾರು ಸಲ ನಾಲ್ಕಾರು ಜನರ ಕೈ ಅದರ ಮೇಲೆ ಓಡುತ್ತದೆ. ಅದರಲ್ಲಿ ತುಕ್ಕಿನ ಒಂದು ಚುಕ್ಕೆ ಇಲ್ಲ. ಕೊಡವರಿಗೂ ಕೊಡಗಿನಲ್ಲಿ ಜಮ್ಮಾ ಭೂಮಿ ಇರುವವರಿಗೂ ಕೋವಿಯ ಲೈಸೆನ್ಸ್ ವಿನಾಯಿತಿ 1861ರಿಂದ ಬಂದದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಗಾಜಿನ ಕಪಾಟಿನಲ್ಲಿಡಲು ಯಾರಾದರೂ ಅಂಥ ವಿನಾಯಿತಿ ಕೇಳುತ್ತಾರೆಯೇ? ನಿಮ್ಮ ಓದುಗರು ಇದನ್ನು ಯೋಚಿಸಬೇಕು.

ಹಾಗಂತ ಎಲ್ಲ ಕೋವಿಯನ್ನೂ ಹಾರಿಸಿಬಿಡಿ ಅಂತ ನಾನು ಹೇಳುತ್ತಿಲ್ಲ. ವಯೋಮಿಂಗ್ ಮಹೋತ್ಸವದ ಆ 1,500ರಲ್ಲಿ ಒಂದು ನನ್ನ ಕೈಗೆ ಕಾಗದಪತ್ರ ಸಮೇತ ಹೊಸದಾಗಿಯೇ ಬಂದಿದ್ದರೆ ಖಂಡಿತ ಹಾರಿಸುತ್ತಿರಲಿಲ್ಲ. ವಯೋಮಿಂಗ್‌ನ ಕೋಡಿ ಊರಿನಲ್ಲಿ ಬಂದೂಕುಗಳದ್ದೇ ದೊಡ್ಡ ಮ್ಯೂಸಿಯಂ ಇದೆ, ವಿಂಚೆಸ್ಟರ್ ಕಂಪನಿಯ ಸ್ವಂತ ಸಂಗ್ರಹ ಈಗ ಅಲ್ಲೇ. ತೇವ, ಬೆಳಕು ಎಲ್ಲ ಲೆಕ್ಕ ಹಾಕಿ ಕಾಪಾಡುವ ಕೆಲಸ ಅವರಿಗೆ ಗೊತ್ತು. ಅಂಥ ಕಡೆ ಒಂದೆರಡು ಮುಟ್ಟದೆ ಇರಲಿ, ಇರಲೇಬೇಕು. ಲಕ್ಷದಲ್ಲಿ ಒಂದಾದ, ಆಗಲೇ ಚುಕ್ಕೆ ಬಿದ್ದ ನನ್ನ ಕೋವಿ ಆ ಕೆಲಸ ಮಾಡಬೇಕಾಗಿಲ್ಲ ಅಲ್ವಾ?

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ತಿಳಿದಾಗ ನನಗೂ ಆಶ್ಚರ್ಯವಾಯಿತು. ನಳಿಗೆಯ ಮೇಲೆ ಮೊಟ್ಟೆಯಾಕಾರದ ಗೆರೆಯೊಳಗೆ ಡಬ್ಲ್ಯೂ ಮತ್ತು ಪಿ ಅನ್ನುವ ಅಕ್ಷರಗಳಿವೆ. ಕಾರ್ಖಾನೆಯಲ್ಲೇ ಹೆಚ್ಚು ಒತ್ತಡದ ತೋಟಾ ಹಾಕಿ ಹಾರಿಸಿ ಪರೀಕ್ಷೆ ಮಾಡಿದ್ದೇವೆ ಎಂಬುದರ ಗುರುತು ಅದು. ಅಂದರೆ ಒಂದು ಸಲವೂ ಹಾರಿಸದ ಕೋವಿ ಅಂತ ನಾವು ಕಾಪಾಡಿಕೊಂಡು ಬಂದದ್ದು 1966ರಲ್ಲೇ ಹಾರಿಸಿದ ಕೋವಿ.

ಹಾಗಾಗಿ ತೀರ್ಮಾನ ಮಾಡಿದ್ದೇನೆ, ಹಾರಿಸುತ್ತೇನೆ. ಇಂಥದೇ ಗೊಂದಲದಲ್ಲಿರುವ ಓದುಗರಿಗೆ ಉಪಯೋಗವಾಗಲಿ ಅಂತ, ನಾನು ಹೇಗೆ ತಯಾರಾದೆ ಅನ್ನುವುದನ್ನೂ ಬರೆಯುತ್ತೇನೆ. ಮೊದಲು ಕೋವಿ ರಿಪೇರಿ ಬಲ್ಲವರ ಹತ್ತಿರ ಒಯ್ದೆ. ಒಳಗೆ ಹಳೆಯ ಗ್ರೀಸ್ ಒಣಗಿ ಮೇಣದಂತಾಗಿತ್ತು. ಹಾಗೇ ಹಾರಿಸಿದ್ದರೆ ತಪ್ಪಾಗುತ್ತಿತ್ತು. ಚುಕ್ಕೆಗಳನ್ನು ಪಾಲಿಶ್ ಹಾಕಿ ಉಜ್ಜಬೇಡಿ, ಹೊಸದಾಗಿ ಚಿನ್ನದ ನೀರು ಕೊಡಿಸಬೇಡಿ, ಇದ್ದ ಹಾಗೇ ಇರಲಿ ಅಂತ ಅವರೂ ಹೇಳಿದರು. ನಮ್ಮ ಕಡೆ ತಾತನ ಕೋವಿಗೆ ಹೊಳೆಯುವ ವಾರ್ನಿಷ್ ಬಳಿದದ್ದನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಅಮೋನಿಯಾ ಇರುವ ದ್ರಾವಣವನ್ನು ಚಿನ್ನದ ಹತ್ತಿರ ತರಬಾರದು. ಈ ಕೋವಿಯಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಕೂರುತ್ತವೆ. ಗುಂಡಿನ ಮೂತಿ ಚೂಪಾಗಿದ್ದರೆ ಹಾರಿಸಿದ ಏಟಿಗೆ ಮುಂದಿನ ತೋಟಾದ ಹಿಂಬದಿಗೆ ಕುಟ್ಟಿ ಅಲ್ಲೇ ಸಿಡಿಯಬಹುದು. ಆದ್ದರಿಂದ ಚಪ್ಪಟೆ ಮೂತಿಯ ಥರ್ಟಿ-ಥರ್ಟಿ (ಈ ಕೋವಿಯ ತೋಟಾದ ಅಳತೆಯ ಹೆಸರು) ಗುಂಡೇ ಬೇಕು. ಪೆಟ್ಟಿಗೆಯನ್ನೂ ಕಾಗದಗಳನ್ನೂ ಬೇರೆ ಕಡೆ ಒಣ ಜಾಗದಲ್ಲಿ ಜೋಪಾನ ಮಾಡಿದ್ದೇನೆ. ಕೋವಿ ಬೀಗ ಇರುವ ಬೀರುವಿನಲ್ಲಿದೆ, ಮನೆಯಲ್ಲಿ ಮಕ್ಕಳಿದ್ದಾರೆ.

ನಾನು ಕೊನೆಗೆ ಕೇಳಬೇಕಾದದ್ದು ಆಕೆಯನ್ನು. ನಿಮ್ಮವರು ಇಷ್ಟು ವರ್ಷ ಮುಟ್ಟದೆ ಇಟ್ಟದ್ದನ್ನು ನಾನು ಹಾರಿಸಿದರೆ ಬೇಜಾರಾಗುತ್ತದಾ ಅಂತ ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರಿಗೆ ಹಾರಿಸಬೇಕು ಅಂತ ಬಹಳ ಆಸೆ ಇತ್ತು, ಪ್ರತಿ ಶರತ್ಕಾಲದಲ್ಲೂ ಒಮ್ಮೆ ಅಂದುಕೊಳ್ಳುತ್ತಿದ್ದರು ಅಂದರು. ಆಮೇಲೆ, ಸದ್ದು ಎಷ್ಟು ಜೋರಿರುತ್ತದೆ ಅಂತ ಕೇಳಿದರು.

ಸೆಪ್ಟೆಂಬರ್ 3ಕ್ಕೆ ನಮ್ಮ ಮನೆಯಲ್ಲಿ ಪೂಜೆ. ತೋಕ್ ಪೂ ಇಲ್ಲಿ ಸಿಗುವುದಿಲ್ಲ, ಹಿತ್ತಲಿನ ಸೇವಂತಿಗೆಯನ್ನೇ ಇಡುತ್ತೇವೆ. ಪೂಜೆ ಮುಗಿದ ಮೇಲೆ ಹೂ ತೆಗೆದು, ನಳಿಗೆ ನೋಡಿ, ಊರ ಹೊರಗಿನ ಶೂಟಿಂಗ್ ರೇಂಜಿಗೆ ಹೋಗುತ್ತೇವೆ. 20 ತೋಟಾದ ಒಂದು ಪೆಟ್ಟಿಗೆ ತಂದಿಟ್ಟಿದ್ದೇನೆ, ಕಿವಿಗೆ ಹಾಕಿಕೊಳ್ಳುವ ಮಫ್ ಆಕೆಗೊಂದು ಹೊಸದು ಕೊಂಡಿದ್ದೇನೆ. ಮೊದಲ ಗುಂಡು ಆಕೆಯದ್ದು.

ಇಂತಿ,
ಕೊಡಗಿನ ಓದುಗಾರ್ತಿ, ಕೊಲೊರಾಡೊದಿಂದ