ಡೌನ್‌ಲೋಡ್ ಮಾಡಿಟ್ಟ ಆಲ್ಬಮ್ ಎಲ್ಲಿಗೆ ಹೋಯಿತು?

ಗೆ,
ಗ್ರಾಹಕ ಸೇವಾ ವಿಭಾಗ

ವಿಷಯ: ಅಮೆರಿಕದ ಗಾಯಕ ಟೆಡ್ ಹಾಕಿನ್ಸ್ ಅವರ ‘ವಾಚ್ ಯುವರ್ ಸ್ಟೆಪ್’ ಆಲ್ಬಮ್ ಆ್ಯಪ್‌ನಿಂದ ಮಾಯವಾದ ಬಗ್ಗೆ

ಮಾನ್ಯರೇ,

ನಾನು ಕುಮಟಾದವನು. ನಿಮ್ಮ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದ್ದೇ ಹಾಡು ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು ಅಂತ. ಕೆಲಸಕ್ಕಾಗಿ ಶಿರಸಿಗೆ ಓಡಾಡುತ್ತೇನೆ. ದೇವಿಮನೆ ಘಟ್ಟ ಹತ್ತಿದ ಮೇಲೆ ನೆಟ್‌ವರ್ಕ್ ನೆಚ್ಚಿಕೊಂಡು ಕೂತರೆ ಆಯಿತು ಕಥೆ. ಹೋದ ವಾರ ಬಸ್ಸಿನಲ್ಲಿ ಈ ಆಲ್ಬಮ್ ತೆಗೆದರೆ ಹಾಡಿನ ಹೆಸರುಗಳೆಲ್ಲ ಬೂದು ಬಣ್ಣ. ಒತ್ತಿದರೆ ‘ಈ ಹಾಡು ಈಗ ಲಭ್ಯವಿಲ್ಲ’.

ಚಾಟ್‌ನಲ್ಲಿ ಕೇಳಿದ್ದಕ್ಕೆ ನಿಮ್ಮವರು ಕಾರಣ ಹೇಳಲಿಲ್ಲ. ಬದಲಿಗೆ ‘ಬೀಚ್ ಮೂಡ್’ ಅಂತ ಒಂದು ಪ್ಲೇಲಿಸ್ಟ್ ಕಳಿಸಿದರು. ಬೀಚ್ ನಮ್ಮ ಮನೆ ಹಿಂದೆಯೇ ಇದೆ ಮಾರಾಯ್ರೇ, ಅದಕ್ಕೆ ಚಂದಾ ಕಟ್ಟಬೇಕಾಗಿಲ್ಲ.

‘ಕೇಳುವವರು ಕಡಿಮೆ ಇರುವ ಆಲ್ಬಮ್’ ಅಂತಲೂ ಬರೆದಿದ್ದರು. ಕಡಿಮೆ ಯಾಕೆ ಅಂತ ನೋಡಿ. ಹಾಕಿನ್ಸ್ ಅಮೆರಿಕದ ಮಿಸಿಸಿಪ್ಪಿಯಲ್ಲಿ 1936ರಲ್ಲಿ ಹುಟ್ಟಿದವರು. ಲಾಸ್ ಏಂಜಲೀಸ್‌ನ ವೆನಿಸ್ ಬೀಚಿನಲ್ಲಿ ಹಾಲಿನ ಕ್ರೇಟಿನ ಮೇಲೆ ಕೂತು, ಹೋಗಿ ಬರುವವರಿಗೆ ಹಾಡುತ್ತಿದ್ದರು. ತಂತಿ ಒತ್ತಿ ಒತ್ತಿ ಬೆರಳು ಹಾಳಾಗಬಾರದು ಅಂತ ಎಡಗೈಗೆ ಚರ್ಮದ ಗ್ಲೌಸು. ಈ ಆಲ್ಬಮ್ಮಿನ ಕೆಲವು ಹಾಡುಗಳು 1971ರಲ್ಲೇ ರೆಕಾರ್ಡ್ ಆಗಿದ್ದವು. ಆಲ್ಬಮ್ ಹೊರಬಂದದ್ದು 1982ರಲ್ಲಿ! ವಿಮರ್ಶಕರು ಹೊಗಳಿದರು, ಜನ ಕೊಳ್ಳಲಿಲ್ಲ. ದೊಡ್ಡ ಕಂಪನಿಯೊಂದು ಅವರ ಆಲ್ಬಮ್ ತಂದದ್ದು 1994ರಲ್ಲಿ. 1995ರ ಜನವರಿ 1ಕ್ಕೆ ಅವರು ತೀರಿಕೊಂಡರು.

ಬ್ಲೂಸ್, ಸೋಲ್, ಕಂಟ್ರಿ ಅಂತ ಅಮೆರಿಕದ ಮೂರು ಹಾಡಿನ ಶೈಲಿಗಳೂ ‘ವಾಚ್ ಯುವರ್ ಸ್ಟೆಪ್’ನಲ್ಲಿವೆ. ಹಲವು ಹಾಡುಗಳಿಗೆ ಗಿಟಾರ್ ಒಂದೇ. ದನಿ ಮಾತ್ರ ಮೈಕಿಲ್ಲದ ಕಾಲದ ಭಾಗವತರದ್ದು, ಗದ್ದೆಯಾಚೆಗೂ ಕೇಳಬೇಕು. ‘ಸಾರಿ ಯು ಆರ್ ಸಿಕ್’ ಹಾಡಿನಲ್ಲಿ ಹುಷಾರಿಲ್ಲದ ಸಂಗಾತಿಗೆ ಏನು ತರಲಿ ಅಂತ ಕೇಳುತ್ತಾರೆ. ಮೆಡಿಕಲ್ ಶಾಪಿನಿಂದ ಅಲ್ಲ, ವೈನ್ ಶಾಪಿನಿಂದ. ನಗು ಬರುತ್ತದೆ. ಆದರೆ ಕುಡಿತದ ಮನೆ ಕಂಡವರಿಗೆ ಆ ನಗು ಗಂಟಲಲ್ಲೇ ನಿಲ್ಲುತ್ತದೆ. ‘ದಿ ಲಾಸ್ಟ್ ಒನ್ಸ್’ನಲ್ಲಿ ತಾಯಿ ಹಾಸಿಗೆ ಹಿಡಿದ ಮನೆಯ ಮಗುವೇ ಮಾತಾಡುತ್ತದೆ. ಅಳು ತರಿಸುವ ಕಸರತ್ತು ಒಂದೂ ಇಲ್ಲ, ಸುಮ್ನೆ ಹೇಳಿಕೊಂಡು ಹೋಗುತ್ತಾರೆ. ನನಗೆ ಇದೇ ಎಲ್ಲಕ್ಕಿಂತ ಜಾಸ್ತಿ ಇಷ್ಟ. ಇಂಥದ್ದನ್ನು ನಿಮ್ಮ ಆ್ಯಪ್ ಯಾರಿಗೂ ತೋರಿಸುವುದೇ ಇಲ್ಲ. ಆಮೇಲೆ ಕೇಳುವವರಿಲ್ಲ ಅಂದರೆ ಹೇಗೆ?

ಇನ್ನೊಂದು. ಟೆಡ್ ಹಾಕಿನ್ಸ್ ಪುಟದಲ್ಲಿ ಕೋಲ್ಮನ್ ಹಾಕಿನ್ಸ್ ಅವರ ಸ್ಯಾಕ್ಸೋಫೋನ್ ಸೇರಿಕೊಂಡಿದೆ. ಜಾಝ್‌ನಲ್ಲಿ ಅವರು ದೊಡ್ಡವರೇ, ಆದರೆ ಬೇರೆ ಮನುಷ್ಯ ಅಲ್ವಾ?

ಆಲ್ಬಮ್ ವಾಪಸ್ ಹಾಕಿ, ಪುಟ ಸರಿಮಾಡಿ. ಹಾಡು ಕೇಳಿಸಲು ನಿಮಗಿದ್ದ ಹಕ್ಕಿನ ಅವಧಿ ಮುಗಿದಿದ್ದರೆ ಹಾಗಂತ ಬರೆದು ತಿಳಿಸಿ, ಉಳಿದ ತಿಂಗಳುಗಳ ಚಂದಾ ಹಣ ನನ್ನ ಖಾತೆಗೆ ಮರಳಿಸಿ. ನಾನು ಸಿಡಿ ತರಿಸಿಕೊಳ್ಳುತ್ತೇನೆ. ಬೂದು ಬಣ್ಣದ ಪರದೆಯ ಫೋಟೊ ಮತ್ತು ಚಂದಾ ರಸೀದಿ ಜೊತೆಗಿಟ್ಟಿದ್ದೇನೆ.

ಇಂತಿ,
ನಿಮ್ಮ ಚಂದಾದಾರ
ಕುಮಟಾ, ಉತ್ತರ ಕನ್ನಡ